ಹಾಲೆಯ ಹಳೇ ಅನಾಥಾಲಯ: ಅಟ್ಟ ನೋಡಬೇಕೋ, ವರ್ಷದ ಪ್ರದರ್ಶನ ನೋಡಬೇಕೋ?

ಜರ್ಮನಿಯ ಹಾಲೆ ಊರಿನ ಫ್ರಾಂಕೆ ಪ್ರತಿಷ್ಠಾನಕ್ಕೆ ಹೋದರೆ ಮುಖ್ಯವಾಗಿ ಎರಡು ಪ್ರದರ್ಶನ ಸಿಗುತ್ತವೆ. ಒಂದು, ಹಳೇ ಅನಾಥಾಲಯದ ಅಟ್ಟದಲ್ಲಿರುವ ಕೌತುಕಗಳ ಕೋಣೆ. ಇನ್ನೊಂದು, ಅದೇ ಕಟ್ಟಡದಲ್ಲಿ ವರ್ಷಕ್ಕೊಂದು ವಿಷಯ ಹಿಡಿದು ಮಾಡುವ ಪ್ರದರ್ಶನ. ನಾನು ಎರಡನ್ನೂ ನೋಡಿದ್ದೇನೆ. ಅರ್ಧ ದಿನವಷ್ಟೇ ಇದೆ ಅಂದರೆ ಅಟ್ಟ ಹತ್ತಿ.

ಆಗಸ್ಟ್ ಹರ್ಮಾನ್ ಫ್ರಾಂಕೆ ಎಂಬ ಪಾದ್ರಿ ಈ ಕಟ್ಟಡಕ್ಕೆ ಅಡಿಗಲ್ಲು ಹಾಕಿಸಿದ್ದು 1698ರಲ್ಲಿ. ಮಕ್ಕಳು ಪುಸ್ತಕ ಓದಿದರೆ ಸಾಲದು, ಲೋಕವನ್ನೂ ಕಣ್ಣಾರೆ ನೋಡಬೇಕು ಅಂತ ಆಗಲೇ ವಸ್ತು ಕೂಡಿಹಾಕಲು ಶುರು ಮಾಡಿದರು. ಈಗ ಅಟ್ಟದಲ್ಲಿ ಸುಮಾರು 3000 ವಸ್ತುಗಳಿವೆ. ಚಾವಣಿಯಲ್ಲಿ ಮೊಸಳೆ ತೂಗುತ್ತಿದೆ. ಕಪಾಟುಗಳಿಗೆ ಬಣ್ಣ ಬರೆದು ಎಲ್ಲವನ್ನೂ ಜೋಡಿಸಿದವರು ಗ್ರುಂಡ್ಲರ್ ಎಂಬ ಕಲಾವಿದರು. 1741ರ ಹೊತ್ತಿಗೆ ಆ ಕೆಲಸ ಮುಗಿಯಿತು. ಶಂಖ, ಚಿಪ್ಪು ಇಟ್ಟಿರುವ ಕಪಾಟಿನ ಮೇಲೆ ಅವುಗಳದ್ದೇ ಚಿತ್ರ. ಓದಲು ಬಾರದ ಮಗುವಿಗೂ ಒಳಗೇನಿದೆ ಅಂತ ಗೊತ್ತಾಗುತ್ತದೆ.

ನಾನು ಜಾಸ್ತಿ ಹೊತ್ತು ನಿಂತದ್ದು ದಕ್ಷಿಣ ಭಾರತದ ವಸ್ತುಗಳಿರುವ ಕಪಾಟಿನ ಮುಂದೆ. ಹಾಲೆಯ ನಂಟಿದ್ದ ಪಾದ್ರಿಗಳು ಕ್ರೈಸ್ತ ಧರ್ಮ ಸಾರಲು 1706ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದರು. ಆಗ ಅದು ಡೆನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿಂದ ಬಂದ ಓಲೆಗರಿಗಳು ಇಲ್ಲಿವೆ. ಕಂಟ ಎಂಬ ಕಬ್ಬಿಣದ ಮೊನೆಯಿಂದ ಕೊರೆದ ಸಣ್ಣ ಅಕ್ಷರ, ದಾರ ಪೋಣಿಸುವ ತೂತು, ಎಲ್ಲ ನಮಗೆ ಗೊತ್ತಿರುವುದೇ. ಆದರೆ ಒಬ್ಬರ ಓದಿನ, ಪೂಜೆಯ ವಸ್ತು ಇಲ್ಲಿ ಕಲ್ಲು, ಚಿಪ್ಪು, ಮೊಸಳೆಗಳ ಜೊತೆ ಕೌತುಕವಾಗಿ ಕೂತಿದೆ. ಅಂದಿನ ಯುರೋಪು ನಮ್ಮನ್ನು ಹೇಗೆ ನೋಡಿತು ಎನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಆದರೆ ಅಟ್ಟ ಹೇಳದ ಕಥೆಗಳೂ ಇವೆ. ತರಂಗಂಬಾಡಿಗೆ ಬಂದ ಆ ಪಾದ್ರಿಗಳಲ್ಲಿ ಒಬ್ಬರಾದ ಜೀಗನ್‌ಬಾಲ್ಗ್ ತಮಿಳು ಕಲಿತು, ದಕ್ಷಿಣ ಭಾರತದ ದೇವರುಗಳ ಬಗ್ಗೆ 1713ರಲ್ಲಿ ದೊಡ್ಡ ಪುಸ್ತಕ ಬರೆದರು. ಹಾಲೆಯವರು ಅಚ್ಚು ಹಾಕಲು ಒಪ್ಪಲಿಲ್ಲ. ಬೇರೆ ಧರ್ಮದ ವಿಚಾರ ಹರಡಲು ಅವರನ್ನು ಕಳಿಸಿದ್ದಲ್ಲ ಎಂಬುದು ಫ್ರಾಂಕೆಯ ನಿಲುವು. ಕೊನೆಗೆ ಅದು ಅಚ್ಚಾದದ್ದು 1867ರಲ್ಲಿ, ಮದ್ರಾಸಿನಲ್ಲಿ. ಇಂಥ ಜಗಳ, ಮುಜುಗರ ಎಲ್ಲ ಕಪಾಟಿನಲ್ಲಿ ಕಾಣಿಸುವುದಿಲ್ಲ. ಅದಕ್ಕೆ ಪತ್ರ, ಭೂಪಟ, ವಿವರಣೆ ಪಕ್ಕಪಕ್ಕ ಇಟ್ಟು ಹೇಳುವ ವರ್ಷದ ಪ್ರದರ್ಶನವೇ ಬೇಕು. ಅಲ್ಲಿ ಓದುವುದು ಜಾಸ್ತಿ, ಸುಮ್ನೆ ಸುತ್ತಾಡಿ ಬಂದರೆ ಏನೂ ದಕ್ಕುವುದಿಲ್ಲ. ಮಕ್ಕಳು ಜೊತೆಗಿದ್ದರೆ ಅಟ್ಟವೇ ಸರಿ.

ಅಂಗಳದಾಚೆ 1728ರ ಗ್ರಂಥಾಲಯವಿದೆ. ನಾಟಕದ ಪರದೆಗಳ ಹಾಗೆ ಎರಡೂ ಬದಿಯಿಂದ ಚಾಚಿದ ಪುಸ್ತಕದ ಸಾಲುಗಳು. ಹತ್ತು ನಿಮಿಷವಾದರೂ ಇಣುಕಿ ಬನ್ನಿ.

ಹೋಗುವ ಮೊದಲು ಆ ವರ್ಷದ ವಿಷಯ ಯಾವುದು ಅಂತ ನೋಡಿಕೊಳ್ಳಿ. 2006ರಲ್ಲಿ ತರಂಗಂಬಾಡಿ ಮಿಷನ್ನಿಗೆ 300 ವರ್ಷ ತುಂಬಿದಾಗ ಅದರ ಮೇಲೆಯೇ ಪ್ರದರ್ಶನ ಮಾಡಿದ್ದರು. ಮತ್ತೆ ಅಂಥದ್ದೇನಾದರೂ ಬಂದರೆ ನನ್ನ ಆಯ್ಕೆ ಬದಲಾಗುತ್ತದೆ. ಅಟ್ಟ ಎಲ್ಲಿಗೂ ಹೋಗುವುದಿಲ್ಲ, ಆ ಪ್ರದರ್ಶನ ಮುಗಿದುಹೋಗುತ್ತದೆ.