ಸಂಬಂಧ ಕೇಂದ್ರಿತ ಆಪ್ತಸಮಾಲೋಚನೆ: ದೀರ್ಘಕಾಲದ ಬಳಕೆಯ ನಂತರ ನನ್ನ ಅಭಿಪ್ರಾಯ

ಕಾಸರಗೋಡಿನ ಕುಂಬಳೆಯಿಂದ ಮಂಗಳೂರಿಗೆ ಹೋಗಿಬಂದು, ಮಳೆ ಜೋರಾದ ತಿಂಗಳುಗಳಲ್ಲಿ ವಿಡಿಯೋ ಕರೆಯ ಮೂಲಕ, ಕೆಲವು ವರ್ಷಗಳಿಂದ ಒಬ್ಬ ಮನಃಶಾಸ್ತ್ರಜ್ಞೆಯ ಬಳಿ ಆಪ್ತಸಮಾಲೋಚನೆ ಪಡೆಯುತ್ತಿದ್ದೇನೆ. ನಿದ್ದೆ ಕೆಟ್ಟಿತ್ತು, ತೋಟದ ಪಾಲಿನ ವಿಚಾರದಲ್ಲಿ ಅಣ್ಣನೊಂದಿಗೆ ಮಾತೂ ನಿಂತಿತ್ತು. ಮನೆಯವರೊಡನೆ ನಾನು ಹೇಗೆ ನಡೆದುಕೊಳ್ಳುತ್ತೇನೆ ಎಂಬುದರ ಜೊತೆಗೆ, ಭೇಟಿಯ ಕೋಣೆಯಲ್ಲಿ ಆ ಮನಃಶಾಸ್ತ್ರಜ್ಞೆಯೊಡನೆ ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನೂ ಮುಕ್ತವಾಗಿ ಚರ್ಚಿಸುವುದು ಅವರ ಚಿಕಿತ್ಸಾಕ್ರಮದ ವಿಶೇಷ.

ಈ ವಿಚಾರ ಹೊಸದೇನಲ್ಲ. ಇನ್ನೊಬ್ಬರ ಭಾವನೆಯನ್ನು ಅರಿಯುವ ಚಿಕಿತ್ಸಕರ ಅನುಭೂತಿ, ಪ್ರಾಮಾಣಿಕತೆ ಮತ್ತು ಷರತ್ತಿಲ್ಲದ ಸ್ವೀಕಾರ ಬದಲಾವಣೆಗೆ ಅಗತ್ಯವೆಂದು ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲೇ ಬರೆದಿದ್ದರು. ಗುರಿ, ಅದಕ್ಕಾಗಿ ಕೈಗೊಳ್ಳುವ ಕೆಲಸ, ಪರಸ್ಪರ ಬಾಂಧವ್ಯ ಎಂಬ ಮೂರು ನೆಲೆಗಳಲ್ಲಿ ಚಿಕಿತ್ಸಕರ ಮತ್ತು ಚಿಕಿತ್ಸೆ ಪಡೆಯುವವರ ಸಹಯೋಗವನ್ನು ಇನ್ನೊಬ್ಬ ಅಮೆರಿಕನ್ ಮನಃಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ವಿವರಿಸಿದರು. ಈ ಮಾತುಗಳ ತೂಕ ನನಗೆ ಮನದಟ್ಟಾದದ್ದು ಒಂದು ಸಣ್ಣ ಸಂಗತಿಯಿಂದ.

ಒಮ್ಮೆ ಅವರು ಭೇಟಿಯ ಸಮಯವನ್ನು ಹಿಂದಿನ ರಾತ್ರಿ ಬದಲಾಯಿಸಿದರು. ಹೊಸ ಸಮಯ ಅಡಿಕೆ ಕೊಯ್ಯಲು ಕೆಲಸದವರಿಗೆ ಹೇಳಿಟ್ಟಿದ್ದ ಹೊತ್ತಿಗೇ ಬಿದ್ದಿದ್ದರೂ ನಾನು "ತೊಂದರೆಯಿಲ್ಲ ಮೇಡಂ" ಎಂದೆ. ಭೇಟಿಯಲ್ಲಿ ನನ್ನ ಮಾತು ಕಡಿಮೆಯಾದದ್ದನ್ನು ಗಮನಿಸಿದ ಅವರು, "ಸಮಯ ಬದಲಾಯಿಸಿದ್ದು ನಿಮಗೆ ಬೇಸರವಾಯಿತೇ? ಆಗಿದ್ದರೆ ನನ್ನ ಬಳಿಯೇ ಹೇಳಬಹುದು" ಎಂದರು. ತುಸು ಹೊತ್ತು ಬಿಟ್ಟು ಹೇಳಿದೆ. ಅವರು ಸಮಜಾಯಿಷಿ ಕೊಡಲಿಲ್ಲ. ಪೂರ್ತಿ ಕೇಳಿ, ಕ್ಷಮೆ ಕೋರಿ, ಅಣ್ಣನ ಬಳಿಯೂ ನಾನು ಹೀಗೆಯೇ ಮೊದಲು ಒಪ್ಪಿಕೊಂಡು ಆಮೇಲೆ ದೂರ ಸರಿಯುತ್ತೇನೆಯೇ ಎಂದು ವಿಚಾರಿಸಿದರು. ಮುಂದಿನ ಹಲವು ತಿಂಗಳು ನಾವು ಮಾತನಾಡಿದ್ದು ಬಹುಮಟ್ಟಿಗೆ ಇದನ್ನೇ. ಬೇಸರವನ್ನು ಬಾಯಿಬಿಟ್ಟು ಹೇಳಿದ ಮೇಲೂ ಒಬ್ಬರು ನನ್ನೊಡನೆ ಮೊದಲಿನಂತೆಯೇ ಇರುವುದನ್ನು ಕಣ್ಣಾರೆ ಕಂಡದ್ದರಿಂದಲೇ ಅಣ್ಣನ ಮುಂದೆ ಪಾಲಿನ ಮಾತೆತ್ತುವ ಧೈರ್ಯ ಬಂತೆಂದು ದೃಢವಾಗಿ ನಂಬುತ್ತೇನೆ. ಅಣ್ಣ ಎಲ್ಲವನ್ನೂ ಒಪ್ಪಿಲ್ಲ, ಆದರೆ ಜಾಗ ಅಳತೆ ಮಾಡಿಸಿದ ದಿನ ಇಬ್ಬರೂ ಜೊತೆಯಲ್ಲೇ ಗಡಿ ನೋಡಿದೆವು.

ಭಾಷೆಯ ಅನುಕೂಲವನ್ನೂ ಹೇಳಲೇಬೇಕು. 1956ರಲ್ಲಿ ಕೇರಳಕ್ಕೆ ಸೇರಿದ ಈ ನಾಡಿನ ನಾವು ಕಚೇರಿಗಳಲ್ಲಿ ಮಲಯಾಳದಲ್ಲಿ ವ್ಯವಹರಿಸಿ ರೂಢಿಯಾದವರು. ಆದರೂ ಅಪ್ಪ ತೀರಿಕೊಂಡ ವರ್ಷದ ಬಗ್ಗೆ ಮಾತನಾಡಲು ನನಗೆ ಕನ್ನಡವೇ ಬೇಕಾಗಿತ್ತು.

ಕೊರತೆಗಳೂ ಇವೆ. ಈ ಕ್ರಮ ನಿಧಾನ. ಮೊದಲ ಕೆಲವು ತಿಂಗಳು ಏನೂ ಆಗುತ್ತಿಲ್ಲವೆಂದೇ ತೋರುತ್ತದೆ, ಖರ್ಚು ಮಾತ್ರ ನಿಲ್ಲುವುದಿಲ್ಲ. ಮಾತ್ರೆ ಬರೆದುಕೊಡುವುದು ಮನೋವೈದ್ಯರ ಕೆಲಸವಾದ್ದರಿಂದ ನನ್ನ ನಿದ್ದೆಯ ತೊಂದರೆಗೆ ಅವರು ಬೇರೆ ವೈದ್ಯರ ಬಳಿ ಕಳುಹಿಸಿದರು. ಅದು ಸರಿಯಾದ ನಿರ್ಧಾರವಾಗಿತ್ತು. ತುರ್ತು ಸಂಕಟದಲ್ಲಿರುವವರು ಮುಂದಿನ ಭೇಟಿಗೆ ಕಾಯದೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಬೇಕು.

ಊರಿನಲ್ಲಿ ಸುದ್ದಿ ಹಬ್ಬೀತೆಂಬ ಅಂಜಿಕೆಯಿಂದ ಹಿಂಜರಿಯುವವರಿಗೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಗೋಪ್ಯತೆಯ ಹಕ್ಕನ್ನು ಕೊಟ್ಟಿದೆಯೆಂದು ತಿಳಿಸಬಯಸುತ್ತೇನೆ. ಜೀವಕ್ಕೆ ಅಪಾಯವಿರುವಂತಹ ಸಂದರ್ಭಗಳು ಇದಕ್ಕೆ ಅಪವಾದ. ಕ್ಲಿನಿಕಲ್ ಮನಃಶಾಸ್ತ್ರಜ್ಞರನ್ನು ಆರಿಸುವಾಗ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಕೇಳಿದರೆ ಅವರು ಬೇಸರಪಡಬಾರದು. ನನ್ನ ಮನಃಶಾಸ್ತ್ರಜ್ಞೆ ಮೊದಲ ದಿನವೇ ತಾವಾಗಿ ತೋರಿಸಿದ್ದರು.