ನಲಿ-ಕಲಿ ಕಾರ್ಡುಗಳು: ಮೂರನೇ ತಟ್ಟೆಯಲ್ಲಿ ಶಿಕ್ಷಕರಿಗೇ ಪರೀಕ್ಷೆ

ನಲಿ-ಕಲಿ ಎಂದರೆ ಕರ್ನಾಟಕದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ ಕಾರ್ಡುಗಳ ಮೂಲಕ ಕಲಿಸುವ ಪದ್ಧತಿ. ಅದರ ಕನ್ನಡ ಕಾರ್ಡುಗಳನ್ನು ಹರಡಿಕೊಂಡು ಕೂತರೆ ಮೊದಲು ಕಣ್ಣಿಗೆ ಬೀಳುವುದು ಅಕ್ಷರಗಳ ಸರದಿ. ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಅದರ ಬೆನ್ನಿಗೇ ಜ, ವ, ಮ, ಬ, ನ. "ಶಾಲೆಗೆ ಸೇರಿ ಆರು ತಿಂಗಳಾಯ್ತು, ಇನ್ನೂ ವರ್ಣಮಾಲೆ ಬರಲ್ಲ" ಎಂಬ ಪೋಷಕರ ದೂರು ಹುಟ್ಟುವುದು ಇಲ್ಲೇ. ಆದರೆ ಈ ಸಾಮಗ್ರಿಯಲ್ಲಿ ಅತ್ಯಂತ ಚೆನ್ನಾಗಿರುವುದೂ ಈ ಸರದಿಯೇ. ಐದೇ ಅಕ್ಷರ ಗೊತ್ತಾದ ಮಗು ಸರ, ದರ, ರಸ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಕಾಗುಣಿತ ಬೇಕಿಲ್ಲ, ಒತ್ತಕ್ಷರ ಬೇಕಿಲ್ಲ. ಸ್ವರಗಳಿಂದ ಶುರುಮಾಡಿದರೆ ಹದಿಮೂರು ಅಕ್ಷರ ತಿದ್ದಿ ಮುಗಿಸಿದರೂ ಆ, ಈ ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ. ವರ್ಣಮಾಲೆಯ ಕ್ರಮ ಬೇಕಾಗುವುದು ಮುಂದೆ ನಿಘಂಟು ತೆರೆಯುವಾಗ. ಅದನ್ನು ಬೆಳಗಿನ ಹಾಡಿನ ಹೊತ್ತಿನಲ್ಲಿ ರಾಗವಾಗಿ ಹೇಳಿಸಿದರೆ ಸಾಕು; ಪೋಷಕರಿಗೂ ಸಮಾಧಾನವಾಗುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಈ ಪದ್ಧತಿ ಶುರುವಾಯಿತು. ಆಂಧ್ರದ ಮದನಪಲ್ಲೆ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಕಾರ್ಡುಗಳನ್ನು ಕಟ್ಟಿದರು. 2009-10ರಿಂದ ಇದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪ್ರತಿ ಮಗುವೂ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಮೆಟ್ಟಿಲುಗಳ ಪಟ್ಟಿಯಲ್ಲಿ, ತಾನೆಲ್ಲಿದ್ದೇನೆ ಎಂದು ನೋಡಿ, ಲೋಗೋ (ಚಟುವಟಿಕೆಯ ಗುರುತಿನ ಚಿತ್ರ) ಮತ್ತು ಸಂಖ್ಯೆ ಹಿಡಿದು ಕಾರ್ಡು ಹುಡುಕಿ, ತನ್ನ ತಟ್ಟೆಗೆ, ಅಂದರೆ ತಾನು ಕೂರಬೇಕಾದ ಗುಂಪಿಗೆ, ಹೋಗುತ್ತದೆ. ಸುಗ್ಗಿಗೋ ಜಾತ್ರೆಗೋ ಹದಿನೈದು ದಿನ ಊರು ಬಿಟ್ಟ ಮಗು ಮರಳಿ ಬಂದರೆ ಅದರ ಕಾರ್ಡು ಅಲ್ಲೇ ಕಾದಿರುತ್ತದೆ. ಪಠ್ಯಪುಸ್ತಕದ ತರಗತಿಯಲ್ಲಾದರೆ ಅಷ್ಟರಲ್ಲಿ ಎರಡು ಪಾಠ ಮುಗಿದು, ಮಗು ಹಿಂದಿನ ಸಾಲಿಗೆ ಸರಿದಿರುತ್ತಿತ್ತು. ಈ ಒಂದು ಗುಣಕ್ಕಾಗಿಯೇ ನಲಿ-ಕಲಿಯನ್ನು ಉಳಿಸಿಕೊಳ್ಳಬೇಕು.

ತಟ್ಟೆಗಳು ಐದು. ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ನೆರವು, ಎರಡನೆಯದರಲ್ಲಿ ಅರೆ ನೆರವು. ಮೂರು ಮತ್ತು ನಾಲ್ಕರಲ್ಲಿ ಹೀಗೆಯೇ ಸಹಪಾಠಿಗಳ ನೆರವು. ಐದನೆಯದು ಸ್ವಕಲಿಕೆ. ವ್ಯವಸ್ಥೆ ಮುರಿಯುವುದು ಮೂರನೆಯದರಲ್ಲಿ. ಮಗು ಮಗುವಿನಿಂದ ಕಲಿಯುತ್ತದೆ ಎಂದು ಒಳಗಿಂದ ನಂಬದ ಶಿಕ್ಷಕರು ಎಲ್ಲರನ್ನೂ ಒಂದನೇ ತಟ್ಟೆಯ ಸುತ್ತ ಕೂರಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಮೂವತ್ತು ಮಕ್ಕಳಿಗೆ ತಲಾ ಮೂರು ನಿಮಿಷ ಕೊಟ್ಟರೂ ತೊಂಬತ್ತು ನಿಮಿಷ. ಒಂದು ಮಗು ಮೂರು ನಿಮಿಷ ಕಲಿತು, ಉಳಿದ ಎಂಬತ್ತೇಳು ನಿಮಿಷ ಕಾಯುತ್ತದೆ. ಗದ್ದಲ ಏಳುವುದು ಇದರಿಂದ. ಆಮೇಲೆ "ನಲಿ-ಕಲಿಯಲ್ಲಿ ಶಿಸ್ತಿಲ್ಲ" ಎಂಬ ಮಾತು ಬರುತ್ತದೆ.

ಮಕ್ಕಳನ್ನು ಸುಮ್ಮನೆ ಜೊತೆಗೆ ಕೂರಿಸಿದರೂ ಆಗದು. ನೆರವು ಕೊಡುವ ಮಗು ಉತ್ತರ ಹೇಳಿಬಿಡುತ್ತದೆ, ಕಲಿಯುವ ಮಗು ಬರೆದುಕೊಳ್ಳುತ್ತದೆ, ಕಾರ್ಡು ಮುಗಿಯುತ್ತದೆ. ಇದಕ್ಕೆ ಮೊದಲ ವಾರದಲ್ಲೇ ಒಂದು ರೂಢಿ ಹಾಕಬೇಕು: ಕಾರ್ಡು ಕಲಿಯುವವರ ಕೈಯಲ್ಲೇ ಇರಬೇಕು, ಬೆರಳೂ ಅವರದೇ. ಜೊತೆಗಾರರು "ಇನ್ನೊಂದು ಸಲ ನೋಡು" ಎನ್ನಬಹುದು, ಹಿಂದಿನ ಕಾರ್ಡು ತಂದು ತೋರಿಸಬಹುದು. ಪದವನ್ನು ತಾವೇ ಓದಬಾರದು. ನೆರವಿಗೆ ತರಗತಿಯ ಅತಿ ಚುರುಕು ಮಗುವನ್ನು ಆರಿಸಬೇಡಿ. ಎರಡು ಮೂರು ಮೆಟ್ಟಿಲು ಮುಂದಿರುವ ಮಗುವೇ ಸರಿ, ತಾನು ಎಲ್ಲಿ ಎಡವಿದ್ದೆ ಎಂಬ ನೆನಪು ಅದಕ್ಕೆ ಇನ್ನೂ ಹಸಿಯಾಗಿರುತ್ತದೆ.

ಚಿತ್ರಗಳ ಬಗ್ಗೆಯೂ ಎಚ್ಚರ ಬೇಕು. ಗರಗಸದ ಚಿತ್ರ ನೋಡಿ "ಗರಗಸ" ಎಂದ ಮಗು ಓದಿದೆ ಎಂದು ಎಣಿಸಿ ಮೆಟ್ಟಿಲು ಹತ್ತಿಸಿದರೆ, ಆ ತಪ್ಪು ಕಾಗುಣಿತದ ಹೊತ್ತಿಗೆ ಹೊರಬೀಳುತ್ತದೆ. ಅಷ್ಟರಲ್ಲಿ ಹಿಂದಕ್ಕೆ ಹೋಗುವುದು ಮಗುವಿಗೆ ಅವಮಾನವಾಗಿರುತ್ತದೆ. ಅದೇ ಐದು ಅಕ್ಷರಗಳಿಂದ ಕಾರ್ಡಿನಲ್ಲಿಲ್ಲದ ಪದವನ್ನು, ಅರಸರ ಅಥವಾ ಅಗಸರ ಎಂದೇನಾದರೂ, ನೆಲದ ಮೇಲೆ ಬರೆದು ಓದಿಸಿ. ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಸಾಮಗ್ರಿಯ ಕೊರತೆ ಕಾರ್ಡುಗಳ ಎಣಿಕೆಯಲ್ಲಿದೆ. ನಾಲ್ಕು ಮಕ್ಕಳು ಒಂದೇ ಮೆಟ್ಟಿಲಲ್ಲಿದ್ದು ಕಾರ್ಡು ಒಂದೇ ಇದ್ದರೆ ಮೂವರು ಕಾಯಬೇಕು. ಅದೂ ಕಳೆದರೆ ಏಣಿಯ ಮೆಟ್ಟಿಲೇ ಮುರಿದಂತೆ. ಮದುವೆ ಕರೆಯೋಲೆಗಳ ಖಾಲಿ ಬದಿಯಲ್ಲಿ ಮೊದಲ ಮೈಲಿಗಲ್ಲುಗಳ (ಏಣಿಯ ಹಂತಗಳ) ಕಾರ್ಡುಗಳನ್ನು ಎರಡೆರಡು ಪ್ರತಿ ಬರೆದಿಡಿ, ಲೋಗೋ ಮತ್ತು ಸಂಖ್ಯೆ ತಪ್ಪದಂತೆ. ಶನಿವಾರ ಬಿಡುವ ಮೊದಲು ಕಾರ್ಡುಗಳನ್ನು ಮಕ್ಕಳೇ ಎಣಿಸಿ ಜೋಡಿಸಿಡಲಿ. ಮಕ್ಕಳ ಕೆಲಸ ನೇತುಹಾಕಲು ಕೋಣೆಯಲ್ಲಿ ಕಟ್ಟುವ ಚಪ್ಪರದ ದಾರ ಮಗುವಿನ ಕೈಗೆ ಎಟಕುವಷ್ಟು ಕೆಳಗಿರಲಿ, ತನ್ನ ಚಿತ್ರವನ್ನು ತಾನೇ ನೇತುಹಾಕುವಂತೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸುವ ಪ್ರಗತಿನೋಟವನ್ನು ಆಯಾ ದಿನವೇ ತುಂಬಬೇಕು. ತಿಂಗಳ ಕೊನೆಯಲ್ಲಿ ಒಟ್ಟಿಗೆ ತುಂಬಿದ ಪ್ರಗತಿನೋಟದಲ್ಲಿ ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿತಿರುತ್ತಾರೆ, ಅಂಥ ದಾಖಲೆ ಯಾರ ಕೆಲಸಕ್ಕೂ ಬಾರದು.

ಒಬ್ಬರೇ ಶಿಕ್ಷಕರಿರುವ, ಇಪ್ಪತ್ತೈದರವರೆಗೆ ಮಕ್ಕಳಿರುವ ಕೋಣೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ. ಮೂವತ್ತೈದು ದಾಟಿದರೆ ಇನ್ನೊಬ್ಬ ಶಿಕ್ಷಕರು ಬೇಕೇ ಬೇಕು.

ನಾಲ್ಕನೇ ತರಗತಿಗೆ ದಾಟುವ ಜಾಗದಲ್ಲಿ ಮಾತ್ರ ಸೇತುವೆ ತೆಳ್ಳಗಿದೆ. ವೃತ್ತಾಕಾರವಾಗಿ ಕೂತು ಒಂದೊಂದು ಕಾರ್ಡು ಓದಿದ ಮಗು ಏಕಾಏಕಿ ಸಾಲಿನಲ್ಲಿ ಕೂತು ಎರಡು ಪುಟದ ಪಾಠ ಓದಬೇಕು. ಮೂರನೇ ತರಗತಿಯ ಜನವರಿಯಿಂದಲೇ ಐದನೇ ತಟ್ಟೆಯಲ್ಲಿ ಕಾರ್ಡಿನ ಜೊತೆಗೆ ಗ್ರಂಥಾಲಯದ ಸಣ್ಣ ಕಥೆಪುಸ್ತಕಗಳನ್ನಿಡಿ: ಮೊದಲು ಅರ್ಧ ಪುಟ, ಮಾರ್ಚ್ ಹೊತ್ತಿಗೆ ಎರಡು ಪುಟ, ಓದಿದ ಮೇಲೆ ಪಕ್ಕದವರಿಗೆ ಕಥೆ ಹೇಳಬೇಕು. ಜೂನ್‌ನಲ್ಲಿ ಆ ಮಕ್ಕಳ ಪ್ರಗತಿನೋಟ ನಾಲ್ಕನೇ ತರಗತಿಯ ಶಿಕ್ಷಕರ ಮೇಜಿನ ಮೇಲಿರಬೇಕು.