ಕೇರ್‌ಟೇಕರ್ ಇಟ್ಟುಕೊಳ್ಳುವ ಮೊದಲು ಹಿಂದಿನ ಮನೆಯವರಿಗೆ ನೀವೇ ಫೋನ್ ಮಾಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಜನ ತರಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಏಜೆನ್ಸಿಯ ಹೆಸರು ಹಾಕುತ್ತಿಲ್ಲ. ದೂರು ಪೊಲೀಸರ ಹತ್ತಿರ ಇದೆ, ಅಲ್ಲೇ ತೀರ್ಮಾನವಾಗಲಿ.

ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತೂ ನಿಂತುಹೋಯಿತು. ಆದರೆ ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ. ಹೌದು ಅನ್ನಲು ಎಡಗೈ ಎತ್ತುತ್ತಾರೆ, ಅಲ್ಲ ಅನ್ನಲು ತಲೆ ಆಡಿಸುತ್ತಾರೆ. ನಾನೂ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಅವರನ್ನು ಎತ್ತಿ ಕೂಡಿಸುವ ಶಕ್ತಿ ಅವ್ವನಿಗಿಲ್ಲ. ಹಗಲು ಹೊತ್ತಿಗೆ ಒಬ್ಬ ಕೇರ್‌ಟೇಕರ್ ಬೇಕೇ ಬೇಕಾಯಿತು. ಆಧಾರ್ ಝೆರಾಕ್ಸ್, ಅನುಭವದ ಪತ್ರ, ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಎಲ್ಲ ಕೇಳಿ ತರಿಸಿಕೊಂಡೆವು. ಎಲ್ಲವೂ ಸರಿಯಾಗಿದ್ದವು. ಹುಡುಗನ ಮಾತೂ ಬಹಳ ನಯ. ‘ಅಜ್ಜಾರ್ನ ನಾ ನೋಡ್ಕೋತೀನ್ರಿ, ನೀವು ಆರಾಮ್ ಹೋಗಿ ಬರ್ರಿ’ ಅನ್ನುತ್ತಿದ್ದ.

ಕೆಲವೇ ವಾರಗಳಲ್ಲಿ ಅಪ್ಪ ಹಗಲೆಲ್ಲ ನಿದ್ದೆ ಮಾಡತೊಡಗಿದರು. ತುಟಿ, ನಾಲಿಗೆ ಒಣಗಿರುತ್ತಿದ್ದವು. ಅವನು ಮಂಚದ ಹತ್ತಿರ ಬಂದರೆ ಎಡಗೈಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು. ಲಕ್ವ ಆದವರಿಗೆ ಸುಸ್ತು ಇದ್ದದ್ದೇ ಅಂತ ಅವನೇ ನಮಗೆ ಸಮಾಧಾನ ಹೇಳುತ್ತಿದ್ದ. ಜ್ವರ ಬಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ಮೂತ್ರದ ಸೋಂಕು ಅಂದರು, ಮೈಯಲ್ಲಿ ನೀರೇ ಇಲ್ಲ ಅಂದರು. ಅಂಗಿ ಬಿಚ್ಚಿದರೆ ಎಡತೋಳಿನ ಒಳಗಡೆ ಚಿವುಟಿದ ನೀಲಿ ಗುರುತುಗಳು. ಸ್ನಾನ ಮಾಡಿಸಿ ಬಟ್ಟೆ ಹಾಕುವವನು ಅವನೇ ಆಗಿದ್ದರಿಂದ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಆಮೇಲೆ ಅಪ್ಪನನ್ನು ಒಂದೊಂದಾಗಿ ಕೇಳಿದೆವು. ಡೈಪರ್ ಬದಲಿಸುವುದು ತಪ್ಪಲಿ ಅಂತ ನೀರು ಕೊಡುತ್ತಿರಲಿಲ್ಲವಾ? ಎಡಗೈ ಮೇಲೆದ್ದಿತು. ರಾತ್ರಿ ಕೊಡಬೇಕಾದ ನಿದ್ದೆ ಗುಳಿಗೆ ಹಗಲಲ್ಲೂ ಕೊಟ್ಟನಾ? ಮತ್ತೆ ಎಡಗೈ ಮೇಲೆ. ಗುಳಿಗೆಯ ಪಟ್ಟಿ ಎಣಿಸಿದರೆ ಲೆಕ್ಕ ಅದನ್ನೇ ಹೇಳುತ್ತಿತ್ತು.

ಇದಕ್ಕಿಂತ ಸಿಟ್ಟು ಬಂದದ್ದು ಮುಂದಿನ ವಿಷಯಕ್ಕೆ. ಫಿಸಿಯೋಥೆರಪಿಗೆ ಬರುವ ಅಕ್ಕ ಅವನ ಹೆಸರು ಕೇಳಿ ಬೆಚ್ಚಿದರು. ಊರಿನ ಇನ್ನೊಂದು ಮನೆಯಲ್ಲಿ ಒಬ್ಬ ಅಜ್ಜನ ಮೈಮೇಲೆ ಇಂಥವೇ ಗುರುತು ಕಂಡು ಅವನನ್ನು ಬಿಡಿಸಿದ್ದರಂತೆ. ಏಜೆನ್ಸಿಯವರನ್ನು ಕೇಳಿದೆ. ‘ಅವರ ಮನಿಗೆ ಅಂವಾ ಹೊಂದಲಿಲ್ರಿ, ಅಷ್ಟ. ನಿಮಗ ಬ್ಯಾರೆ ಹುಡುಗನ್ನ ಕಳಸ್ತೀನಿ ಬಿಡ್ರಿ’ ಅಂದರು. ಇವನನ್ನು ಇನ್ನು ಯಾರ ಮನೆಗೆ ಕಳಿಸುತ್ತೀರಿ ಅಂದರೆ ಉತ್ತರ ಇಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಪೊಲೀಸ್ ಸರ್ಟಿಫಿಕೇಟ್ ಸುಳ್ಳಾಗಿರಲಿಲ್ಲ. ಕೇಸು ದಾಖಲಾಗಿದ್ದರೆ ತಾನೇ ಅದರಲ್ಲಿ ಬರುವುದು? ಹಿಂದಿನ ಮನೆಯವರು ಸುಮ್ನೆ ಬಿಡಿಸಿ ಕಳಿಸಿದ್ದರು. ಇಂಗ್ಲೆಂಡಿನಲ್ಲಿ ಇದಕ್ಕೆ 2006ರ ಒಂದು ಕಾನೂನಿದೆ. ಅಸಹಾಯಕರಿಗೆ ತೊಂದರೆ ಕೊಟ್ಟಿದ್ದಕ್ಕೆ ಯಾರನ್ನಾದರೂ ಇಂಥ ಕೆಲಸದಿಂದ ತೆಗೆದರೆ ಸಂಸ್ಥೆ ಅದನ್ನು ತಿಳಿಸಲೇಬೇಕು. ಅವನೇ ಮೊದಲು ಕೆಲಸ ಬಿಟ್ಟು ಹೋಗಿದ್ದರೂ ತಿಳಿಸಬೇಕು. 2012ರಿಂದ ಡಿಬಿಎಸ್ ಎಂಬ ಸರಕಾರಿ ಸಂಸ್ಥೆ ಇದನ್ನು ನೋಡುತ್ತದೆ. ಸಾಮಾನ್ಯವಾಗಿ ಆ ವ್ಯಕ್ತಿಯ ಮಾತನ್ನೂ ಕೇಳಿಯೇ ನಿಷೇಧದ ಪಟ್ಟಿಗೆ ಸೇರಿಸುವುದು. ಪಟ್ಟಿಯಲ್ಲಿದ್ದವರು ಮತ್ತೆ ಅಂಥ ಕೆಲಸ ಮಾಡಿದರೆ ಅದೇ ಅಪರಾಧ. ನಮ್ಮಲ್ಲಿ ಮನೆಗೆ ಬರುವ ಕೇರ್‌ಟೇಕರ್‌ಗಳಿಗೆ ಅಂಥ ಪಟ್ಟಿ ಇಲ್ಲ. ಏಜೆನ್ಸಿ ಬಾಯಿ ಮುಚ್ಚಿಕೊಂಡರೆ ಮುಂದಿನ ಮನೆಗೆ ಗೊತ್ತಾಗುವ ದಾರಿಯೇ ಇಲ್ಲ.

ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕು ಅಂತ ಕಾಕಾ ಹೇಳಿದರು. ನಾನು ಹಾಕಲಿಲ್ಲ. ಹಾಗೆ ಶುರುವಾದರೆ ನಾಳೆ ಬಾಕಿ ಪಗಾರ ಕೇಳಿದ ಹೆಣ್ಣುಮಗಳ ಫೋಟೋವೂ ಬರುತ್ತದೆ. ಈ ಕೆಲಸಕ್ಕೆ ಬರುವವರು ಜಾಸ್ತಿ ಬಡವರು. ಹಗಲು ರಾತ್ರಿ ಒಬ್ಬರನ್ನೇ ದುಡಿಸುವ ಮನೆಗಳೂ ಇವೆ. ಹಾಸಿಗೆ ಹುಣ್ಣು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಗೊತ್ತಿಲ್ಲದವರಿಗೆ ಕಲಿಸಬಹುದು. ಮರೆತು ಗುಳಿಗೆ ತಪ್ಪಿಸಿ ‘ತಪ್ಪಾತ್ರಿ’ ಅಂದವರನ್ನೂ ಇಟ್ಟುಕೊಳ್ಳಬಹುದು. ಆದರೆ ಬಾಯಿ ಬಾರದವರನ್ನು ಚಿವುಟಿ, ಅದು ಕಾಣದ ಹಾಗೆ ತೋಳು ಮುಚ್ಚುವವನು ಈ ಕೆಲಸಕ್ಕೆ ಯಾವತ್ತೂ ಬೇಡ. ಅವನನ್ನು ಇನ್ನೊಂದು ಮನೆಗೆ ಕಳಿಸುವ ಏಜೆನ್ಸಿಯೂ ಬೇಡ.

ನೀವು ಅನುಭವದ ಪತ್ರ ಓದಿ ಬಿಡಬೇಡಿ. ಕೊನೆಯ ಎರಡು ಮನೆಗಳ ನಂಬರ್ ಕೇಳಿ, ನೀವೇ ಮಾತಾಡಿ. ‘ಯಾಕೆ ಬಿಟ್ಟ?’ ಅಂತ ನೇರವಾಗಿ ಕೇಳಿ. ನಂಬರ್ ಕೊಡಲ್ಲ ಅಂದರೆ ಆ ಏಜೆನ್ಸಿ ಬಿಟ್ಟುಬಿಡಿ. ವಾರಕ್ಕೊಮ್ಮೆಯಾದರೂ ಸ್ನಾನ ಮನೆಯವರೇ ಮಾಡಿಸಿ. ಗುಳಿಗೆ ಡಬ್ಬಿ ನಿಮ್ಮ ಕೈಯಲ್ಲಿರಲಿ.

ಕಾನೂನು ಪೂರ್ತಿ ಇಲ್ಲವೇ ಇಲ್ಲ ಅಂತಲ್ಲ. ಅಂಗವಿಕಲರನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಬೇಕೆಂದೇ ಅನ್ನ, ನೀರು ಕೊಡದಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಪ್ರಕಾರ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಮಾತು ಬಾರದ ಸಾಕ್ಷಿ ಸನ್ನೆಯಲ್ಲೂ ಹೇಳಬಹುದು, ಕೋರ್ಟು ಅದನ್ನು ಒಪ್ಪುತ್ತದೆ. ಹಿರಿಯರ ಸಹಾಯವಾಣಿ 14567. ಈಗಲೇ ಅಪಾಯ ಇದ್ದರೆ 112.

ಇದೇ ಕಾರಣಕ್ಕೆ ನೀವೂ ಯಾರನ್ನಾದರೂ ಬಿಡಿಸಿದ್ದರೆ, ತಡವಾಗಿದ್ದರೂ ಹತ್ತಿರದ ಠಾಣೆಗೆ ಬರವಣಿಗೆಯಲ್ಲಿ ದೂರು ಕೊಡಿ. ಗುರುತುಗಳ ಫೋಟೋ, ಆಸ್ಪತ್ರೆ ಚೀಟಿ ಜೊತೆಗಿಡಿ. ದೂರು ಸ್ವೀಕರಿಸಿದ್ದಕ್ಕೆ ರಸೀದಿ ಕೇಳಿ ತೆಗೆದುಕೊಳ್ಳಿ.